ಆಫೀಸಿಗೆ ಒಯ್ಯುವ ಕಡಿಮೆ ಕಾರ್ಬ್ ಕೇಕ್: ಎಲ್ಲರಿಗೂ ಒಂದೇ ಡಬ್ಬಿ

ನಮ್ಮ ಆಫೀಸಿನಲ್ಲಿ ಯಾರದಾದರೂ ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸುವ ಹೊತ್ತಿಗೆ ಒಬ್ಬರು ಮೆಲ್ಲಗೆ ತಮ್ಮ ಸೀಟಿಗೆ ಹೋಗಿಬಿಡುತ್ತಿದ್ದರು. ಅವರಿಗೆ ಶುಗರ್ ಇದೆ. ಯಾರೂ ಒತ್ತಾಯ ಮಾಡುತ್ತಿರಲಿಲ್ಲ, ಅವರೂ ಏನೂ ಹೇಳುತ್ತಿರಲಿಲ್ಲ, ಆದರೆ ಎಲ್ಲರೂ ಸೇರಿ ತಿನ್ನುವಾಗ ಒಬ್ಬರು ಮಾತ್ರ ದೂರ ಕೂತಿರುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತಿತ್ತು. ಅವರಿಗೆಂದೇ ಬೇರೆ ಒಂದು ತುಂಡು ಮಾಡಿಕೊಂಡು ಹೋಗಬಹುದಿತ್ತು. ಅದು ನನಗೆ ಇಷ್ಟವಾಗಲಿಲ್ಲ. ಒಂದೇ ಕೇಕ್, ಒಂದೇ ಡಬ್ಬಿ, ಎಲ್ಲರೂ ಅದರಿಂದಲೇ ತೆಗೆದುಕೊಳ್ಳಬೇಕು, ಶುಗರ್ ಇಲ್ಲದವರೂ ಇನ್ನೊಂದು ತುಂಡಿಗೆ ಕೈ ಹಾಕಬೇಕು. ಅಷ್ಟು ಚೆನ್ನಾಗಿ ಬರುವ ತನಕ ಮಾಡುತ್ತಾ ಹೋದೆ. ಆ ಹಾದಿಯಲ್ಲಿ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಕಾರ್ಬ್ ಅಂದರೆ ಕಾರ್ಬೋಹೈಡ್ರೇಟ್, ಆಹಾರದಲ್ಲಿರುವ ಪಿಷ್ಟ, ಸಕ್ಕರೆಯಂಥ ಅಂಶ; ರಕ್ತದ ಸಕ್ಕರೆ ಏರುವುದು ಮುಖ್ಯವಾಗಿ ಇದರಿಂದಲೇ. 100 ಗ್ರಾಂ ಮೈದಾದಲ್ಲಿ ಸುಮಾರು 75 ಗ್ರಾಂ ಕಾರ್ಬ್ ಇರುತ್ತದೆ. ಸಕ್ಕರೆಯಂತೂ ಪೂರ್ತಿ ಕಾರ್ಬೇ. 200 ಗ್ರಾಂ ಮೈದಾ, 200 ಗ್ರಾಂ ಸಕ್ಕರೆ ಹಾಕಿ ಮಾಡಿದ ಕೇಕನ್ನು 16 ತುಂಡು ಮಾಡಿದರೆ ಒಂದೊಂದರಲ್ಲೂ ಹೆಚ್ಚು ಕಡಿಮೆ 22 ಗ್ರಾಂ ಕಾರ್ಬ್. ಕೆಳಗೆ ಹೇಳುವ ಚಾಕೊಲೇಟ್ ಕೇಕಿನಲ್ಲಿ ಅಷ್ಟೇ ದೊಡ್ಡ ತುಂಡಿಗೆ, ನಾರು ಮತ್ತು ಬದಲಿ ಸಿಹಿ ಕಳೆದರೆ, ಎರಡು ಎರಡೂವರೆ ಗ್ರಾಂ. ಇಷ್ಟು ದೊಡ್ಡ ವ್ಯತ್ಯಾಸ ಬರುವುದು ಎರಡೇ ಕಡೆಯಿಂದ, ಹಿಟ್ಟು ಮತ್ತು ಸಿಹಿ. ಸಕ್ಕರೆ ತೆಗೆದು ಜೇನುತುಪ್ಪವನ್ನೋ ಖರ್ಜೂರವನ್ನೋ ಹಾಕಿದರೆ ಕಾರ್ಬ್ ಕಡಿಮೆ ಆಗುವುದಿಲ್ಲ. ಸಕ್ಕರೆ ಬೇರೆ ರೂಪದಲ್ಲಿ ಬಂತು, ಅಷ್ಟೇ.

ಹಿಟ್ಟು

ಶುರು ಮಾಡುವವರಿಗೆ ಬಾದಾಮಿ ಹಿಟ್ಟೇ ಸರಿ. ಸಿಪ್ಪೆ ತೆಗೆದ ಬಾದಾಮಿಯಿಂದ ಮಾಡಿದ ನುಣ್ಣನೆಯ ಹಿಟ್ಟು ತೆಗೆದುಕೊಳ್ಳಿ. ಸಿಪ್ಪೆ ಸಮೇತ ತರಿತರಿಯಾಗಿ ಬೀಸಿದ್ದು ಬಿಸ್ಕತ್ತಿಗೆ ಆಗುತ್ತದೆ, ಕೇಕಿಗೆ ಹಾಕಿದರೆ ಒದ್ದೆ ಮರಳಿನ ಹಾಗೆ ಬಾಯಿಗೆ ಸಿಗುತ್ತದೆ. ಮನೆಯಲ್ಲೇ ಪುಡಿ ಮಾಡುವುದಾದರೆ ಬಾದಾಮಿ ಪೂರ್ತಿ ಒಣಗಿರಬೇಕು, ಮಿಕ್ಸಿಯನ್ನು ಎರಡೆರಡು ಸೆಕೆಂಡು ಮಾತ್ರ ತಿರುಗಿಸಿ ತಿರುಗಿಸಿ ನಿಲ್ಲಿಸಬೇಕು. ಒಂದೇ ಸಮನೆ ಓಡಿಸಿದರೆ ಬಿಸಿಯಾಗಿ ಎಣ್ಣೆ ಬಿಟ್ಟು ಬೆಣ್ಣೆಯಂತಾಗುತ್ತದೆ. ಆಮೇಲೆ ಜರಡಿ ಹಿಡಿಯಿರಿ, ಅದನ್ನು ಮಾತ್ರ ಬಿಡಬೇಡಿ.

ತೆಂಗಿನ ಹಿಟ್ಟು ಬೇರೆಯೇ ಜಾತಿ. ಅದರ ತುಂಬ ನಾರು, ಹಾಗಾಗಿ ನೀರನ್ನೆಲ್ಲ ಹೀರಿಬಿಡುತ್ತದೆ. ಬಾದಾಮಿ ಹಿಟ್ಟು ಇಲ್ಲ ಅಂತ ಅಷ್ಟೇ ಅಳತೆಯ ತೆಂಗಿನ ಹಿಟ್ಟು ಹಾಕಬೇಡಿ. ನಾನು ಒಮ್ಮೆ ಹಾಗೆ ಮಾಡಿ, ಗಂಟಲಲ್ಲಿ ಇಳಿಯದ ಒಣ ಇಟ್ಟಿಗೆಯಂಥದ್ದನ್ನು ಓವನ್ನಿನಿಂದ ತೆಗೆದಿದ್ದೆ. 100 ಗ್ರಾಂ ಬಾದಾಮಿ ಹಿಟ್ಟಿನ ಜಾಗದಲ್ಲಿ 25–30 ಗ್ರಾಂ ತೆಂಗಿನ ಹಿಟ್ಟು ಸಾಕು. ಜೊತೆಗೆ ಮೊಟ್ಟೆಯೂ ಒಂದೋ ಎರಡೋ ಜಾಸ್ತಿ ಬೇಕು.

ಮೊಟ್ಟೆ ಯಾಕೆ ಇಷ್ಟು ಬೇಕು ಅಂದರೆ, ಗೋಧಿಯಲ್ಲಿರುವ ಗ್ಲುಟೆನ್ ಹಿಟ್ಟನ್ನು ಬಲೆಯ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ, ಬಾದಾಮಿಯಲ್ಲಿ ಅದಿಲ್ಲ. ಆ ಕೆಲಸವನ್ನು ಇಲ್ಲಿ ಮೊಟ್ಟೆ ಮಾಡುತ್ತದೆ. ಒಂದು ಕಾರಣಕ್ಕೆ ಇದು ಒಳ್ಳೆಯದೂ ಹೌದು: ಗ್ಲುಟೆನ್ ಇಲ್ಲದ ಕಾರಣ ಎಷ್ಟು ಕಲಸಿದರೂ ಕೇಕ್ ರಬ್ಬರಿನಂತೆ ಆಗುವುದಿಲ್ಲ, ಆ ಭಯ ಬೇಡ.

ಸಿಹಿ

ಜಾಸ್ತಿ ಜನ ಎಡವುವುದು ಇಲ್ಲೇ. ನಾನು ಬಳಸುವುದು ಎರಿಥ್ರಿಟಾಲ್, ಸಕ್ಕರೆಯ ಬದಲಿಗೆ ಹಾಕುವ, ಸಕ್ಕರೆಯಂತೆಯೇ ಹರಳಾಗಿ ಸಿಗುವ ಒಂದು ಸಿಹಿ. ಸಕ್ಕರೆಯ ಸುಮಾರು 70 ಶೇಕಡಾದಷ್ಟು ಸಿಹಿ, ಇದರಿಂದ ರಕ್ತದ ಸಕ್ಕರೆ ಏರುವುದಿಲ್ಲ ಅನ್ನಬಹುದು. ಆದರೆ ಇದಕ್ಕೆ ಎರಡು ಕೆಟ್ಟ ಗುಣ ಇವೆ. ಒಂದು, ಕರಗುವಾಗ ಶಾಖ ಹೀರುತ್ತದೆ, ಹಾಗಾಗಿ ಬಾಯಲ್ಲಿ ಪುದೀನ ತಿಂದ ಹಾಗೆ ತಣ್ಣಗೆ ಅನ್ನಿಸುತ್ತದೆ. ಇನ್ನೊಂದು, ಕೇಕ್ ತಣ್ಣಗಾದ ಮೇಲೆ ಮತ್ತೆ ಹರಳುಗಟ್ಟುತ್ತದೆ. ನನ್ನ ಮೊದಲ ಕೇಕ್ ರಾತ್ರಿ ಮೆತ್ತಗಿತ್ತು, ಬೆಳಗ್ಗೆ ಆಫೀಸಿನಲ್ಲಿ ಡಬ್ಬಿ ತೆರೆದರೆ ಕಚ್ಚಿದಾಗ ಹಲ್ಲಿಗೆ ಕರಕರ.

ಅದಕ್ಕೆ ಪರಿಹಾರ ಕಷ್ಟದ್ದೇನೂ ಅಲ್ಲ. ಹರಳನ್ನು ಹಾಗೇ ಹಾಕದೆ ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿ ಹಾಕಿ. ಸಿಹಿ ಸಾಲದು ಅನ್ನಿಸಿದರೆ ಎರಿಥ್ರಿಟಾಲನ್ನೇ ಸುರಿಯಬೇಡಿ, ಚಿಟಿಕೆ ಸ್ಟೀವಿಯಾ (ಒಂದು ಗಿಡದ ಎಲೆಯಿಂದ ತೆಗೆದ ಸಿಹಿ) ಸೇರಿಸಿ. ಎರಡನ್ನೂ ಬೆರೆಸಿದಾಗ ಒಂದರ ತಣ್ಣನೆ ರುಚಿ, ಇನ್ನೊಂದರ ಕಹಿ ಎರಡೂ ತಗ್ಗುತ್ತವೆ. ಕೆಲವು ಪ್ಯಾಕೆಟ್‌ಗಳಲ್ಲಿ ಮೊದಲೇ ಬೆರೆಸಿ ಸಕ್ಕರೆಯಷ್ಟೇ ಸಿಹಿ ಮಾಡಿರುತ್ತಾರೆ, ಅದನ್ನು ಓದಿಕೊಂಡು ಅಳತೆ ಕಡಿಮೆ ಮಾಡಿ. ಮತ್ತೆ, ಮೊದಲ ಸಲ ಚಾಕೊಲೇಟ್ ಕೇಕೇ ಮಾಡಿ. ಕೋಕೋ, ಕಾಫಿ ಇವು ಬದಲಿ ಸಿಹಿಯ ವಾಸನೆಯನ್ನು ಚೆನ್ನಾಗಿ ಮುಚ್ಚುತ್ತವೆ. ಬರೀ ವೆನಿಲ್ಲಾ ಕೇಕಿನಲ್ಲಿ ಅದು ತಟ್ಟನೆ ಗೊತ್ತಾಗುತ್ತದೆ.

ಅಲ್ಯುಲೋಸ್ ಅನ್ನುವ ಇನ್ನೊಂದು ಬದಲಿ ಸಿಹಿ ಸಿಕ್ಕರೆ ಅದೂ ಚೆನ್ನ. ಹರಳುಗಟ್ಟುವುದಿಲ್ಲ, ಕೇಕ್ ಮೆತ್ತಗೆ ಉಳಿಯುತ್ತದೆ. ಆದರೆ ಬೇಗ ಕಂದು ಬಣ್ಣಕ್ಕೆ ತಿರುಗುತ್ತದೆ, ಹಾಗಾಗಿ ಓವನ್ ಶಾಖವನ್ನು 10–15 ಡಿಗ್ರಿ ಇಳಿಸಬೇಕು. ಎಲ್ಲ ದೇಶಗಳಲ್ಲೂ ಇದರ ಮಾರಾಟಕ್ಕೆ ಅನುಮತಿ ಇಲ್ಲ.

ಮಾಲ್ಟಿಟಾಲ್ ಅನ್ನುವ ಬದಲಿ ಸಿಹಿ ಬೇಡ. ಶುಗರ್ ಫ್ರೀ ಅಂತ ಬರೆದಿರುವ ಎಷ್ಟೋ ಚಾಕೊಲೇಟ್‌ಗಳಲ್ಲಿ ಇರುವುದು ಇದೇ. ಸಕ್ಕರೆಯಷ್ಟಲ್ಲದಿದ್ದರೂ ಇದು ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಜಾಸ್ತಿ ತಿಂದರೆ ಹೊಟ್ಟೆ ಉಬ್ಬರ, ಭೇದಿ. ಮಧ್ಯಾಹ್ನ ಮೀಟಿಂಗ್ ಇರುವವರಿಗೆ ಅದನ್ನು ತಿನ್ನಿಸುವುದು ತಪ್ಪು. ಝೈಲಿಟಾಲ್ ಅನ್ನುವ ಮತ್ತೊಂದು ಬದಲಿ ಸಿಹಿ ಮನುಷ್ಯರಿಗೆ ಪರವಾಗಿಲ್ಲ, ಆದರೆ ನಾಯಿಗಳಿಗೆ ಅದು ವಿಷ, ಸ್ವಲ್ಪ ತಿಂದರೂ ಪ್ರಾಣಕ್ಕೆ ಅಪಾಯ. ಉಳಿದ ತುಂಡನ್ನು ಯಾರು ಮನೆಗೆ ಒಯ್ಯುತ್ತಾರೋ, ಅವರ ಮನೆಯಲ್ಲಿ ನಾಯಿ ಇದೆಯೋ ಏನೋ ನಮಗೆ ಗೊತ್ತಿರುವುದಿಲ್ಲ. ಹಾಗಾಗಿ ಹಂಚುವ ತಿಂಡಿಯಲ್ಲಿ ನಾನು ಅದನ್ನು ಮುಟ್ಟುವುದೇ ಇಲ್ಲ.

ಎರಿಥ್ರಿಟಾಲ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 2023ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ, ರಕ್ತದಲ್ಲಿ ಇದರ ಪ್ರಮಾಣ ಜಾಸ್ತಿ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡಿದೆ ಅಂದಿತು. ನಮ್ಮ ದೇಹವೂ ಸ್ವಲ್ಪ ಎರಿಥ್ರಿಟಾಲ್ ತಯಾರಿಸುತ್ತದೆ, ಹಾಗಾಗಿ ಇದೇ ಕಾರಣ ಅಂತ ಅಷ್ಟರಿಂದಲೇ ಹೇಳಲು ಆಗುವುದಿಲ್ಲ. ಆದರೂ ಹೃದಯದ ತೊಂದರೆ ಇರುವವರು ತಿನ್ನಬೇಕೋ ಬೇಡವೋ ಅಂತ ಅವರೇ ನಿರ್ಧರಿಸಲಿ. ಅದಕ್ಕೇ ಯಾವ ಸಿಹಿ ಹಾಕಿದ್ದೀರಿ ಅನ್ನುವುದನ್ನು ಮುಚ್ಚಿಡಬೇಡಿ.

ಚಾಕೊಲೇಟ್ ಕೇಕ್

ಎಂಟು ಇಂಚಿನ ಚೌಕ ಟಿನ್‌ಗೆ ಈ ಅಳತೆ. 200 ಗ್ರಾಂ ಬಾದಾಮಿ ಹಿಟ್ಟು, 40 ಗ್ರಾಂ ಸಿಹಿ ಇಲ್ಲದ ಕೋಕೋ ಪೌಡರ್, ಪುಡಿ ಮಾಡಿದ ಎರಿಥ್ರಿಟಾಲ್ 130 ಗ್ರಾಂ, ಎರಡು ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಉಪ್ಪು, ಒಂದು ಟೀ ಚಮಚ ಇನ್‌ಸ್ಟಂಟ್ ಕಾಫಿ ಪುಡಿ. ಇವನ್ನೆಲ್ಲ ಒಟ್ಟಿಗೆ ಜರಡಿ ಹಿಡಿಯಿರಿ. ಬೇರೆ ಪಾತ್ರೆಯಲ್ಲಿ ನಾಲ್ಕು ಮೊಟ್ಟೆ, ಕರಗಿಸಿದ ಬೆಣ್ಣೆ 110 ಗ್ರಾಂ, ಸಿಹಿ ಹಾಕದ ಗಟ್ಟಿ ಮೊಸರು 100 ಗ್ರಾಂ, ಒಂದು ಟೀ ಚಮಚ ವೆನಿಲ್ಲಾ. ಮೊಟ್ಟೆ, ಮೊಸರು ಎರಡನ್ನೂ ಒಂದು ಗಂಟೆ ಮೊದಲೇ ಫ್ರಿಜ್ಜಿನಿಂದ ಹೊರಗಿಡಿ. ತಣ್ಣಗಿದ್ದರೆ ಬೆಣ್ಣೆ ಅಲ್ಲೇ ಗಟ್ಟಿಯಾಗಿ ಗಂಟು ಗಂಟಾಗುತ್ತದೆ.

ಎರಡನ್ನೂ ಸೇರಿಸಿ ಕಲಸಿ ಐದು ನಿಮಿಷ ಬಿಡಿ. ಚಮಚದಿಂದ ತಾನೇ ಹರಿದು ಬೀಳುವಷ್ಟು ತೆಳ್ಳಗಿರಬಾರದು, ಒಂದು ಸಲ ಕೊಡವಿದರೆ ದಪ್ಪಗೆ ಬೀಳಬೇಕು, ಅದೇ ಹದ. ತೀರಾ ಗಟ್ಟಿ ಅನ್ನಿಸಿದರೆ ಒಂದೆರಡು ಚಮಚ ನೀರು. ಬಟರ್ ಪೇಪರ್ ಹಾಕಿದ ಟಿನ್‌ಗೆ ಸುರಿದು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 30–40 ನಿಮಿಷ. ಪೇಪರನ್ನು ಎರಡು ಕಡೆ ಟಿನ್ನಿನಿಂದ ಆಚೆ ಬರುವಷ್ಟು ಉದ್ದ ಬಿಡಿ, ಆಮೇಲೆ ಎತ್ತಲು ಹಿಡಿಯ ಹಾಗೆ ಆಗುತ್ತದೆ. ಬಾದಾಮಿ ಹಿಟ್ಟು ಮೈದಾಗಿಂತ ಬೇಗ ಸೀಯುತ್ತದೆ, ಅದಕ್ಕೆ ಶಾಖ ಕಡಿಮೆ. ಮೇಲೆ ಬಣ್ಣ ಜಾಸ್ತಿ ಆಗುತ್ತಿದ್ದರೆ ಒಂದು ಫಾಯಿಲ್ ಸುಮ್ನೆ ಮೇಲಿಡಿ.

ಮೂವತ್ತನೇ ನಿಮಿಷದಿಂದ ನೋಡಲು ಶುರು ಮಾಡಿ. ನಡುವೆ ಬೆರಳಿಂದ ಮೆತ್ತಗೆ ಒತ್ತಿದರೆ ಮೇಲೆದ್ದು ಬರಬೇಕು. ಕಡ್ಡಿ ಚುಚ್ಚಿದರೆ ಒಂದೆರಡು ತೇವದ ಚೂರು ಅಂಟಬಹುದು, ಹಸಿ ಹಿಟ್ಟು ಅಂಟಬಾರದು. ಕಡ್ಡಿ ಪೂರ್ತಿ ಒಣಗಿ ಬರುವ ತನಕ ಕಾದರೆ ಈ ಕೇಕ್ ಒಣಗಿ ಹೋಗುತ್ತದೆ.

ಇನ್ನು ತಾಳ್ಮೆಯ ಕೆಲಸ. ಬಿಸಿ ಇರುವಾಗ ಟಿನ್ನಿನಿಂದ ತೆಗೆದರೆ ಪುಡಿಪುಡಿ. ಟಿನ್‌ನಲ್ಲೇ ಪೂರ್ತಿ ಆರಲಿ, ಆಮೇಲೆ ಮುಚ್ಚಿ ರಾತ್ರಿ ಫ್ರಿಜ್ಜಿನಲ್ಲಿಡಿ. ಮರುದಿನಕ್ಕೆ ತೇವ ಎಲ್ಲ ಕಡೆ ಹರಡಿ, ರುಚಿ ಕೂಡಿ, ಕೇಕ್ ಬೇರೆಯೇ ಆಗಿರುತ್ತದೆ. ಮೈದಾ ಕೇಕ್ ಅವತ್ತೇ ಚೆನ್ನ, ಇದು ಮಾರನೇ ದಿನ ಚೆನ್ನ. ಆಫೀಸಿಗೆ ಒಯ್ಯುವವರಿಗೆ ಇದಕ್ಕಿಂತ ಅನುಕೂಲ ಬೇಕಾ? ಬೆಳಗ್ಗೆ ಚಾಕುವನ್ನು ಬಿಸಿ ನೀರಿನಲ್ಲಿ ಅದ್ದಿ, ಒರೆಸಿ, 16 ತುಂಡು ಮಾಡಿ. ಚಿಕ್ಕದಾಯಿತಲ್ಲ ಅನ್ನಿಸಬಹುದು, ಆದರೆ ಬಾದಾಮಿ, ಬೆಣ್ಣೆ, ಮೊಟ್ಟೆ ಎಲ್ಲ ಸೇರಿರುವುದರಿಂದ ಒಂದೇ ತುಂಡಿಗೆ ಹೊಟ್ಟೆ ತುಂಬಿದ ಹಾಗಾಗುತ್ತದೆ. ಕಾರ್ಬ್ ಕಡಿಮೆ ಅಂದರೆ ಕ್ಯಾಲೊರಿ ಕಡಿಮೆ ಅಂತಲ್ಲ, ಇದನ್ನೂ ಕೇಳಿದವರಿಗೆ ನೇರವಾಗಿ ಹೇಳಿ.

ಮೊಟ್ಟೆ ತಿನ್ನದವರಿಗೆ

ಪ್ರತಿ ಆಫೀಸಿನಲ್ಲೂ ಇರುತ್ತಾರೆ, ಅಲ್ವಾ. ಮೊಟ್ಟೆ ಇಲ್ಲದೆ ಬಾದಾಮಿ ಕೇಕ್ ಮಾಡಲು ನಾನು ಹಟ ಹಿಡಿದು ಪ್ರಯತ್ನಿಸಿದ್ದೇನೆ, ಹಂಚುವಷ್ಟು ಚೆನ್ನಾಗಿ ಬಂದಿಲ್ಲ. ಅದರ ಬದಲು ಓವನ್ನೇ ಬೇಡದ ತೆಂಗಿನ ಉಂಡೆ ಮಾಡಿ. 150 ಗ್ರಾಂ ಸಿಹಿ ಇಲ್ಲದ ಒಣ ತೆಂಗಿನ ತುರಿ, ಕರಗಿಸಿದ ತೆಂಗಿನೆಣ್ಣೆ 50 ಗ್ರಾಂ, ಗಟ್ಟಿ ಕ್ರೀಮ್ 60 ಮಿಲಿ, ಎರಿಥ್ರಿಟಾಲ್ ಪುಡಿ 40 ಗ್ರಾಂ, ಚಿಟಿಕೆ ಉಪ್ಪು. ಎಲ್ಲ ಕಲಸಿ, ಒತ್ತಿ ಉಂಡೆ ಕಟ್ಟಿ, ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು, ಕೋಕೋ 85 ಶೇಕಡಾ ಅಥವಾ ಅದಕ್ಕೂ ಮೇಲಿರುವ ಕಪ್ಪು ಚಾಕೊಲೇಟ್ ಕರಗಿಸಿ ಅದ್ದಿ ತೆಗೆಯಿರಿ. ಇದಕ್ಕೆ ಬಾದಾಮಿಯೂ ಬೇಡ. ಒಂದು ಎಚ್ಚರ: ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಕರಗುತ್ತದೆ. ಸೆಕೆ ದಿನಗಳಲ್ಲಿ ಆಫೀಸಿನ ಫ್ರಿಜ್ಜಿನಲ್ಲಿಟ್ಟು, ತಿನ್ನುವ ಹೊತ್ತಿಗೆ ತೆಗೆಯಿರಿ.

ಡಬ್ಬಿಯ ಮೇಲಿನ ಚೀಟಿ

ಇದನ್ನು ನಾನು ಕೇಕಿನಷ್ಟೇ ಮುಖ್ಯ ಅಂದುಕೊಂಡಿದ್ದೇನೆ. ನೋಡಲು ಮಾಮೂಲಿ ಚಾಕೊಲೇಟ್ ಕೇಕ್, ಒಳಗೆ ಪೂರ್ತಿ ಬಾದಾಮಿ. ಅಲರ್ಜಿ ಇರುವವರು ತಿಳಿಯದೆ ತಿಂದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ದೊಡ್ಡ ಅಕ್ಷರದಲ್ಲಿ ಬರೆಯಿರಿ: ಬಾದಾಮಿ, ಮೊಟ್ಟೆ, ಹಾಲಿನ ಪದಾರ್ಥ ಇದೆ. ಸಿಹಿಗೆ ಎರಿಥ್ರಿಟಾಲ್. ಒಂದು ತುಂಡಿಗೆ ಇಷ್ಟು ಗ್ರಾಂ ಕಾರ್ಬ್. ಉಂಡೆಯನ್ನು ಬೇರೆ ಡಬ್ಬಿಯಲ್ಲಿಡಿ, ಅದಕ್ಕೂ ಒಂದು ಚೀಟಿ. ಅದರ ಚಾಕೊಲೇಟ್ ಪ್ಯಾಕೆಟ್ ಮೇಲೆ ಬೀಜಗಳ ಅಂಶ ಇರಬಹುದು ಅಂತ ಬರೆದಿದ್ದರೆ ಅದನ್ನೂ ಸೇರಿಸಿ.

ಕಾರ್ಬ್ ಲೆಕ್ಕ ಹೀಗೆ. ಒಟ್ಟು ಕಾರ್ಬ್‌ನಲ್ಲಿ ನಾರನ್ನೂ ಎರಿಥ್ರಿಟಾಲನ್ನೂ ಕಳೆದರೆ ಉಳಿಯುವುದು ನೆಟ್ ಕಾರ್ಬ್. ನಮ್ಮ ಕೇಕಿನಲ್ಲಿ ಬಾದಾಮಿ ಹಿಟ್ಟಿನಿಂದ ಸುಮಾರು 20, ಕೋಕೋದಿಂದ 10, ಮೊಸರಿನಿಂದ 4, ಮೊಟ್ಟೆಯಿಂದ 2, ಹೀಗೆ ಒಟ್ಟು 36 ಗ್ರಾಂ. ಅದನ್ನು 16ರಿಂದ ಭಾಗಿಸಿ. ನಿಮ್ಮ ಪ್ಯಾಕೆಟ್ ನೋಡಿ ನೀವೇ ಮಾಡಿಕೊಳ್ಳಿ, ಆದರೆ ಒಂದು ಕಡೆ ಮೋಸ ಹೋಗಬೇಡಿ: ಅಮೆರಿಕದ ಲೇಬಲ್‌ನಲ್ಲಿ ಕಾರ್ಬ್ ಅಂದರೆ ನಾರೂ ಸೇರಿದ್ದು, ಯುರೋಪಿನ ಲೇಬಲ್‌ನಲ್ಲಿ ನಾರನ್ನು ಮೊದಲೇ ಕಳೆದಿರುತ್ತಾರೆ. ಅಲ್ಲಿ ಮತ್ತೆ ಕಳೆದರೆ ಲೆಕ್ಕ ತಪ್ಪುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ತಿನ್ನುವ ಕಾರ್ಬ್ ನೋಡಿ ಡೋಸ್ ಹಾಕಿಕೊಳ್ಳುತ್ತಾರೆ, ಅವರಿಗೆ ಈ ಅಂಕಿ ಬೇಕೇ ಬೇಕು. ಮಾಮೂಲಿ ಕೇಕ್ ಅಂತ ಅಂದಾಜು ಮಾಡಿ ಡೋಸ್ ಜಾಸ್ತಿ ಹಾಕಿಕೊಂಡರೆ ಶುಗರ್ ತೀರಾ ಇಳಿದುಬಿಡಬಹುದು.

ಚೀಟಿಯಲ್ಲಿ ಎಲ್ಲ ಬರೆಯಿರಿ, ಆದರೆ ಬಾಯಲ್ಲಿ ಡಯಟ್ ಕೇಕ್ ಅಂತ ಕೂಗಬೇಡಿ. ಆ ಹೆಸರು ಕೇಳಿದರೆ ಅರ್ಧ ಜನ ರುಚಿ ನೋಡುವ ಮೊದಲೇ ಮುಖ ತಿರುಗಿಸುತ್ತಾರೆ. ಮತ್ತೆ ಶುಗರ್ ಇರುವವರನ್ನು ಹೆಸರು ಹಿಡಿದು ಕರೆದು, ನಿಮಗೋಸ್ಕರ ಮಾಡಿದ್ದು ಅಂತ ಎಲ್ಲರ ಎದುರು ಹೇಳಬೇಡಿ. ತಮ್ಮ ಕಾಯಿಲೆಯ ವಿಷಯ ಎಲ್ಲರಿಗೂ ಗೊತ್ತಾಗುವುದು ಅವರಿಗೆ ಬೇಡವಿರಬಹುದು. ನಾನು ಡಬ್ಬಿಯನ್ನು ಎಲ್ಲರೂ ಓಡಾಡುವ ಮೇಜಿನ ಮೇಲೆ ಚೀಟಿ ಕಾಣುವ ಹಾಗೆ ಇಟ್ಟು, ಚಾಕೊಲೇಟ್ ಕೇಕ್ ತಂದಿದ್ದೇನೆ ಅಂತಷ್ಟೇ ಹೇಳಿದೆ. ಹನ್ನೊಂದು ಗಂಟೆ ಹೊತ್ತಿಗೆ ಅವರು ಬಂದು ಚೀಟಿ ಓದಿದರು, ಇನ್ನೊಮ್ಮೆ ಓದಿದರು, ಒಂದು ತುಂಡು ತೆಗೆದುಕೊಂಡು ಅಲ್ಲೇ ಎಲ್ಲರ ಜೊತೆ ನಿಂತು ತಿಂದರು.