ಮುಕ್ತಿನಾಥ ಯಾತ್ರೆ: ಎತ್ತರಕ್ಕೆ ಏರುವ ಕ್ರಮ

ಹುಬ್ಬಳ್ಳಿ-ಧಾರವಾಡದಿಂದ ಕಾಶಿಗೆ ಹೊರಡುವ ಅನೇಕ ಕುಟುಂಬಗಳು ಈಗ ಅದೇ ಯಾತ್ರೆಗೆ ನೇಪಾಳವನ್ನೂ ಸೇರಿಸಿಕೊಳ್ಳುತ್ತಿವೆ. ಸಾರನಾಥ, ಲುಂಬಿನಿ, ಪೋಖರಾ, ಹಿಮಾಲಯದ ಎತ್ತರದಲ್ಲಿರುವ ವಿಷ್ಣುಕ್ಷೇತ್ರ ಮುಕ್ತಿನಾಥ, ಕಠ್ಮಂಡು ಎಂಬ ಕ್ರಮ ಚೆನ್ನಾಗಿಯೇ ಇದೆ. ಆದರೆ ಇಷ್ಟನ್ನೂ ಒಂದು ವಾರದಲ್ಲಿ ತುರುಕಿದ ಪ್ಯಾಕೇಜುಗಳನ್ನು ನಂಬಿ ಹೋದ ಹಿರಿಯರು ಮುಕ್ತಿನಾಥದ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕುಳಿತು, ದರ್ಶನವಿಲ್ಲದೆ ಮರಳಿದ್ದನ್ನು ನಾನು ಕಂಡಿದ್ದೇನೆ.

ಮೊದಲು ಕಾಲ ನಿಶ್ಚಯಿಸಿಕೊಳ್ಳಿ. ಶ್ರಾವಣದ ಪುಣ್ಯವನ್ನು ನೆನೆದು ಮಳೆಗಾಲದಲ್ಲಿ ಹೊರಡಬೇಡಿ, ಮುಕ್ತಿನಾಥದ ದಾರಿಯಲ್ಲಿ ಸಿಗುವ ಬೇನಿಯಿಂದ ಜೋಮ್‌ಸೋಮ್‌ಗೆ ಹೋಗುವ ರಸ್ತೆಯಲ್ಲಿ ಗುಡ್ಡ ಕುಸಿಯುತ್ತದೆ. ದಸರೆ ಮುಗಿದ ಮೇಲಿನ ಕಾರ್ತಿಕವೇ ಉತ್ತಮ.

ಎರಡನೆಯದು ಕಾಗದಪತ್ರ. ಭಾರತೀಯರಿಗೆ ವೀಸಾ ಬೇಕಿಲ್ಲವಾದರೂ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿಯ ಮೂಲಪ್ರತಿ ಕೈಯಲ್ಲಿರಬೇಕು. ಆಧಾರ್ ಕಾರ್ಡು 65 ದಾಟಿದವರಿಗೂ 15ರೊಳಗಿನ ಮಕ್ಕಳಿಗೂ ನಡೆಯುತ್ತದೆ, ನಡುವಿನ ವಯಸ್ಸಿನವರು ಅದೊಂದನ್ನೇ ನೆಚ್ಚಿಕೊಳ್ಳಬಾರದು. ಹಣವನ್ನು ನೂರರ ನೋಟುಗಳಲ್ಲಿ ಒಯ್ಯಿರಿ. ನಮ್ಮ 100 ರೂಪಾಯಿಗೆ ಅಲ್ಲಿಯ 160 ಎಂಬುದು ನಿಗದಿಯಾದ ದರ.

ವಾರಾಣಸಿಗೆ ಹುಬ್ಬಳ್ಳಿಯಿಂದಲೇ ರೈಲಿದೆ. ಸಾರನಾಥದ ಧಮೇಖ ಸ್ತೂಪವನ್ನು ಬೆಳಿಗ್ಗೆ ನೋಡಿಕೊಂಡು, ಗೋರಖಪುರ ಮತ್ತು ಸೋನೌಲಿ ಗಡಿಯ ಮೂಲಕ ಲುಂಬಿನಿಗೆ ಹೋಗಿ, ಮಾಯಾದೇವಿ ಮಂದಿರವನ್ನೂ ಅಶೋಕನ ಸ್ತಂಭವನ್ನೂ ಕಂಡು ಪೋಖರಾ ಸೇರಿ.

ಇನ್ನು ಮುಂದಿನದೇ ಎಚ್ಚರ ಬೇಡುವ ಹಂತ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಪೋಖರಾ ಕೂಡ ಹೆಚ್ಚುಕಡಿಮೆ ಅಷ್ಟೇ. ಮುಕ್ತಿನಾಥವಾದರೋ 3,700 ಮೀಟರಿಗೂ ಮೇಲೆ. ಅಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದಕ್ಕಿಂತ ಮೂರನೇ ಒಂದರಷ್ಟು ಕಡಿಮೆ. ಬೆಳಗಿನ ಜಾವ ಪೋಖರಾದಲ್ಲಿ ಜೀಪು ಹತ್ತಿ, ಸಂಜೆಗೆ ಮುಕ್ತಿನಾಥದ ಬುಡದ ಊರಾದ ರಾಣಿಪೌವಾದಲ್ಲಿ ಇಳಿದು, ಅಲ್ಲೇ ಮಲಗುವುದು ದೊಡ್ಡ ತಪ್ಪು. ತಲೆನೋವು, ವಾಕರಿಕೆ, ನಿದ್ದೆಗೇಡು ಶುರುವಾಗುವುದು ಆ ರಾತ್ರಿಯೇ. ಸುಮಾರು 2,700 ಮೀಟರ್ ಎತ್ತರದ ಜೋಮ್‌ಸೋಮ್ ಅಥವಾ ಅದರ ಸಮೀಪದ ಮಾರ್ಫಾದಲ್ಲಿ ಎರಡು ರಾತ್ರಿ ಉಳಿಯಿರಿ, ನಡುವಿನ ದಿನ ಬೆಳಿಗ್ಗೆ ಮೇಲೆ ಹೋಗಿ ದರ್ಶನ ಮುಗಿಸಿ ಮಲಗಲು ಕೆಳಗಿಳಿಯಿರಿ. ಪೋಖರಾದಿಂದ ಜೋಮ್‌ಸೋಮ್‌ಗೆ ವಿಮಾನವಿದೆ. ಆದರೆ ಕಾಳಿಗಂಡಕಿ ನದಿಯ ಕಣಿವೆಯಲ್ಲಿ ಹೊತ್ತೇರಿದಂತೆ ಗಾಳಿ ಬಿರುಸಾಗುವುದರಿಂದ ಅದು ಬೆಳಿಗ್ಗೆ ಮಾತ್ರ ಹಾರುತ್ತದೆ, ಹವೆ ಕೆಟ್ಟರೆ ಅದೂ ಇಲ್ಲ. ಆದ್ದರಿಂದ ಒಂದು ದಿನವನ್ನು ಕೈಯಲ್ಲಿ ಇಟ್ಟುಕೊಂಡೇ ಟಿಕೆಟ್ ತೆಗೆಸಿ.

ಎತ್ತರದಲ್ಲಿ ಉಸಿರು ಕಟ್ಟಿದರೆ ಕರ್ಪೂರ ಮೂಸಬೇಕೆಂದು ಹಲವರು ಹೇಳುತ್ತಾರೆ. ಮೂಸಿದರೆ ಉಸಿರು ಸರಾಗವಾದಂತೆ ಅನ್ನಿಸುತ್ತದೆಯೇ ಹೊರತು ರಕ್ತಕ್ಕೆ ಆಮ್ಲಜನಕ ಹೆಚ್ಚು ಸೇರುವುದಿಲ್ಲ. ಅಂಗಡಿಗಳಲ್ಲಿ ಮಾರುವ ಸಣ್ಣ ಆಮ್ಲಜನಕದ ಡಬ್ಬಿ ಕೆಲವೇ ನಿಮಿಷಗಳಲ್ಲಿ ಖಾಲಿಯಾಗುತ್ತದೆ, ಅದಕ್ಕೆ ಹಣ ಸುರಿಯಬೇಡಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯ ವಿಚಾರವನ್ನು ಊರು ಬಿಡುವ ಮೊದಲೇ ನಿಮ್ಮ ವೈದ್ಯರಲ್ಲಿ ಕೇಳಿ. ಏರುವಾಗ ತಲೆನೋವು ಹೆಚ್ಚುತ್ತಾ ಹೋದರೆ, ನಡಿಗೆ ತಪ್ಪಿದರೆ, ದೇವಾಲಯ ಕಣ್ಣೆದುರಿಗಿದ್ದರೂ ಕೆಳಗಿಳಿಯುವುದೇ ಚಿಕಿತ್ಸೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿಗಳನ್ನು ರೈಲಿನಲ್ಲೇ ಮುಗಿಸಿ, ಮೇಲೆ ಬಿಸಿ ಅನ್ನ, ಬೇಳೆಯನ್ನೇ ಸ್ವಲ್ಪ ಸ್ವಲ್ಪವಾಗಿ ಉಣ್ಣಿರಿ.

ದೇವಾಲಯದ ಹಿಂದೆ ಅರ್ಧವೃತ್ತಾಕಾರದಲ್ಲಿ ಕೊರೆಯುವ ತಣ್ಣೀರಿನ 108 ಧಾರೆಗಳಿವೆ. ಎಲ್ಲದರ ಕೆಳಗೂ ಓಡಬೇಕೆಂಬ ಹಟ ಅನೇಕರಿಗೆ ಇರುತ್ತದೆ. ಅರ್ಧ ದಾಟುವಷ್ಟರಲ್ಲಿ ಬೆರಳು ಮರಗಟ್ಟಿ, ಒದ್ದೆ ಪಂಚೆಯ ಗಂಟು ಬಿಚ್ಚಲಾಗದೆ, ಗಾಳಿಗೆ ಹಲ್ಲು ಕಟಕಟಿಸುತ್ತಾ ಮತ್ತೊಬ್ಬರನ್ನು ಕೂಗುವ ಸ್ಥಿತಿ ಬರುತ್ತದೆ. ಹೃದಯದ ತೊಂದರೆ, ರಕ್ತದೊತ್ತಡ ಇರುವವರು ಪ್ರೋಕ್ಷಣೆ ಮಾಡಿಕೊಂಡರೆ ಸಾಕು. ಉಳಿದವರೂ ಒಣಬಟ್ಟೆ ಹಿಡಿದ ಜೊತೆಗಾರರನ್ನು ನಿಲ್ಲಿಸಿಕೊಂಡೇ ಇಳಿಯಲಿ. ಶ್ರೀವೈಷ್ಣವರ ಪವಿತ್ರ ಕ್ಷೇತ್ರಗಳಾದ 108 ದಿವ್ಯದೇಶಗಳಲ್ಲಿ ಎಣಿಸಲಾಗುವ ಈ ಕ್ಷೇತ್ರ ಬೌದ್ಧರಿಗೂ ಪವಿತ್ರವಾದದ್ದು. ಸನಿಹದ ಜ್ವಾಲಾಮಾಯಿ ಗುಡಿಯಲ್ಲಿ ನೆಲದ ಅನಿಲದಿಂದ ಉರಿಯುವ ಜ್ವಾಲೆಯನ್ನು ಅವಸರವಿಲ್ಲದೆ ನೋಡಿ ಬನ್ನಿ.

ಕಠ್ಮಂಡುವನ್ನು ಕೊನೆಗಿಡಿ. ಪಶುಪತಿನಾಥನ ಪೂಜೆ ನಡೆಸುವ ಭಟ್ಟರು ಕರ್ನಾಟಕ ಮೂಲದವರು. ಅಲ್ಲಿಗೆ ಹೋಗುವಾಗ ಚರ್ಮದ ಬೆಲ್ಟು, ಪರ್ಸುಗಳನ್ನು ಕೋಣೆಯಲ್ಲೇ ಬಿಡಿ. ಬೌದ್ಧನಾಥ ಸ್ತೂಪವನ್ನು ಬಲಕ್ಕಿಟ್ಟುಕೊಂಡು ಸಂಜೆ ಪ್ರದಕ್ಷಿಣೆ ಮಾಡಿ. ಮರಳುವ ವಿಮಾನದ ವೇಳೆಯನ್ನು ನೋಡುವಾಗ ನೇಪಾಳದ ಗಡಿಯಾರ ನಮಗಿಂತ 15 ನಿಮಿಷ ಮುಂದಿರುವುದನ್ನು ಲೆಕ್ಕಕ್ಕೆ ಹಿಡಿಯಿರಿ.