ವಾರಗಟ್ಟಲೆ ಕಾಡುವ ಪಿತ್ತಗಂಧೆ: ಮೊದಲು ಗಡಿಯಾರ ನೋಡಿ

ಆರು ವಾರ ದಾಟಿದರೂ ಗಂಧೆ ಏಳುತ್ತಲೇ ಇದ್ದರೆ ಬದನೆಕಾಯಿ, ಮೀನು ಬಿಡಿಸಿ, ಅಲರ್ಜಿ ಪರೀಕ್ಷೆಗೆ ದುಡ್ಡು ಸುರಿಯುವವರೇ ಹೆಚ್ಚು. ಇಷ್ಟು ದಿನ ಎಳೆದ ಗಂಧೆಗೆ ಊಟ ಕಾರಣವಾಗುವುದು ಅಪರೂಪ. ಅದಕ್ಕಿಂತ ಒಂದು ಬಾಲ್‌ಪೆನ್ನು ಹೆಚ್ಚು ಹೇಳುತ್ತದೆ.

ಆಗಷ್ಟೇ ಎದ್ದ ಒಂದು ಗಂಧೆಯ ಸುತ್ತ ಗೆರೆ ಎಳೆದು, ಗಂಟೆ ಬರೆದು, ಫೋಟೋ ತೆಗೆದಿಡಿ. ಸಾಮಾನ್ಯ ಗಂಧೆ 24 ಗಂಟೆಯೊಳಗೆ ಗುರುತೇ ಉಳಿಸದೆ ಮಾಯವಾಗುತ್ತದೆ. ಪಕ್ಕದಲ್ಲಿ ಹೊಸದು ಎದ್ದಿರುತ್ತದೆ. ಗೆರೆ ಇಲ್ಲದಿದ್ದರೆ ‘ಮೂರು ದಿನದಿಂದ ಇದೆ’ ಅನ್ನಿಸಿಬಿಡುತ್ತದೆ.

ಗೆರೆಯೊಳಗಿನದೇ 24 ಗಂಟೆ ಮೀರಿ ನಿಂತು, ತುರಿಕೆಗಿಂತ ಉರಿ ಹೆಚ್ಚಿದ್ದು, ಆರಿದ ಮೇಲೆ ಕಂದು ಕಲೆ ಉಳಿದರೆ ರಕ್ತನಾಳದ ಉರಿಯೂತ, ಅಂದರೆ ಅರ್ಟಿಕೇರಿಯಲ್ ವ್ಯಾಸ್ಕ್ಯುಲೈಟಿಸ್ ಇರಬಹುದು. ಪಾರದರ್ಶಕ ಗಾಜು ಒತ್ತಿದಾಗಲೂ ಕೆಂಪು ಪೂರ್ತಿ ಹೋಗದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಇದನ್ನು ತೀರ್ಮಾನಿಸುವುದು ಚರ್ಮದ ಬಯಾಪ್ಸಿ. ಹಳೆಯ ಕಲೆಯಿಂದಲ್ಲ, ಇನ್ನೂ ಉಬ್ಬಿರುವ ಗಂಧೆಯಿಂದ ತುಣುಕು ತೆಗೆಯಬೇಕು. ಜೊತೆಗೆ ರಕ್ತದಲ್ಲಿ ಸಿ3, ಸಿ4 ಎಂಬ ರೋಗನಿರೋಧಕ ಪ್ರೋಟೀನ್‌ಗಳನ್ನು, ಮೂತ್ರದಲ್ಲಿ ಪ್ರೋಟೀನ್ ನೋಡಿಸಿ. ಮರುಕಳಿಸುವ ಜ್ವರ, ಮೂಳೆನೋವು ಸೇರಿದ್ದರೆ ಷ್ನಿಟ್ಸ್‌ಲರ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆ ನೆನಪಿರಲಿ. ಅದಕ್ಕೆ ಸೀರಮ್ ಇಮ್ಯುನೋಫಿಕ್ಸೇಶನ್ ಎಂಬ ರಕ್ತಪರೀಕ್ಷೆ ಬೇಕು.

ಬಹಳ ಸಲ ಕೈತಪ್ಪುವುದು ಚರ್ಮದ ಮೇಲೆ ಭಾರ ಒತ್ತಿದ್ದರಿಂದ ಏಳುವ ಗಂಧೆ. ಬೆಳಿಗ್ಗೆ ಭಾರದ ಚೀಲ ಹೊತ್ತರೆ 4–6 ತಾಸು ಕಳೆದು, ಮಧ್ಯಾಹ್ನ ಹೆಗಲು ಬಾತು ನೋಯುತ್ತದೆ. ಚೀಲದ ನೆನಪೇ ಬರುವುದಿಲ್ಲ. ಪರೀಕ್ಷೆ ಹೀಗೆ: 7 ಕಿಲೋ ಭಾರವನ್ನು 3 ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ ಹೆಗಲಿಗೆ 15 ನಿಮಿಷ ತೂಗುಹಾಕಿ, ಸುಮಾರು 6 ಗಂಟೆ ಬಿಟ್ಟು ನೋಡುವುದು. ಕೂಡಲೇ ನೋಡಿ ‘ಏನೂ ಇಲ್ಲ’ ಎಂದರೆ ತಪ್ಪಾಯಿತು.

ತಣ್ಣೀರಿಗೆ ಏಳುವುದಾದರೆ, ಮಂಜುಗಡ್ಡೆ ಮತ್ತು ನೀರು ತುಂಬಿದ ತೆಳು ಪ್ಲಾಸ್ಟಿಕ್ ಚೀಲವನ್ನು ಮುಂಗೈ ಒಳಭಾಗಕ್ಕೆ 5 ನಿಮಿಷ ಇಟ್ಟು, ತೆಗೆದ 10 ನಿಮಿಷಕ್ಕೆ ನೋಡುತ್ತಾರೆ. ಇದು ಕ್ಲಿನಿಕ್ಕಿನಲ್ಲೇ ಆಗಲಿ. ಇಂಥವರು ಹೊಳೆಗೋ ಕೆರೆಗೋ ಧುಮುಕಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಬೆವರಿದಾಗ ಸಾಸಿವೆಯಷ್ಟು ಚಿಕ್ಕ ಗಂಧೆ ಎದ್ದರೆ ಅದು ಕೋಲಿನರ್ಜಿಕ್ ಬಗೆ.

ಸೆಟಿರಿಜಿನ್‌ನಂಥ ಅಲರ್ಜಿ ಮಾತ್ರೆ ನುಂಗಿ ಹೋದರೆ ಈ ಪರೀಕ್ಷೆಗಳು ಸುಳ್ಳು ಹೇಳುತ್ತವೆ. ವೈದ್ಯರನ್ನು ಕೇಳಿ ಮೂರು ದಿನ ಮುಂಚೆ ನಿಲ್ಲಿಸಿ.

ಗಂಧೆಯೇ ಇಲ್ಲದೆ ತುಟಿ, ನಾಲಿಗೆ ಬಾತರೆ ಬಿಪಿ ಮಾತ್ರೆ ನೋಡಿ: ಎನಲಾಪ್ರಿಲ್, ರಾಮಿಪ್ರಿಲ್ ಕಾರಣವಿರಬಹುದು. ಮನೆತನದಲ್ಲೇ ಈ ಬಾವು ಇದ್ದರೆ ರಕ್ತದಲ್ಲಿ ಸಿ4 ಮತ್ತು ಸಿ1 ಇನ್‌ಹಿಬಿಟರ್ ಎಂಬ ಪ್ರೋಟೀನ್‌ಗಳ ಪರೀಕ್ಷೆ ಮಾಡಿಸಿ. ಉಸಿರು ಕಟ್ಟಿದರೆ, ದನಿ ಒಡೆದರೆ ಪೆನ್ನು ಕೆಳಗಿಟ್ಟು ಆಸ್ಪತ್ರೆಗೆ ಓಡಿ.