ಗುಡ್ಡದ ಬುಡದಲ್ಲಿ ಎರಡು ದಿನ: ಸಮಾಜವಾದಿ ಅಧ್ಯಯನ ಶಿಬಿರ ನಡೆಸುವುದು ಹೇಗೆ?

ಬೇಸಿಗೆ ಬಂತೆಂದರೆ ಹುಬ್ಬಳ್ಳಿ, ಧಾರವಾಡ, ಗದಗ ಕಡೆ ಅಧ್ಯಯನ ಶಿಬಿರಗಳ ಮಾತು ಶುರುವಾಗುತ್ತದೆ. ಬಹಳಷ್ಟು ಶಿಬಿರ ಒಂದೇ ಕಡೆ ಕೆಡುತ್ತವೆ. ಮಧ್ಯಾಹ್ನದ ಊಟ ಆಗಿರುತ್ತದೆ, ಮೇಲೆ ತಗಡಿನ ಶೀಟು ಕಾದಿರುತ್ತದೆ, ಒಬ್ಬರೇ ಮೂರು ತಾಸು ಮಾತಾಡುತ್ತಾರೆ. ಕೂತವರು ತೂಕಡಿಸುತ್ತಾರೆ. ಮಾರನೇ ದಿನ ಅವರನ್ನು ಖುಷಿಪಡಿಸಲು ಒಂದು ಪಿಕ್ನಿಕ್.

ಆಟದ ಆಸೆ ತೋರಿಸಿ ಪಾಠಕ್ಕೆ ಕೂರಿಸುವುದು ತಪ್ಪು. ದುಡಿಯುವವರಿಗೆ ಬಿಡುವು ಸಿಕ್ಕಿದ್ದೇ ಹೋರಾಟದಿಂದ ಅಲ್ವಾ? 1886ರ ಮೇ 1ರಂದು ಅಮೆರಿಕದ ಕಾರ್ಮಿಕರು ಬೀದಿಗೆ ಇಳಿದದ್ದು 8 ತಾಸಿನ ಕೆಲಸಕ್ಕಾಗಿ. 1895ರಲ್ಲಿ ವಿಯೆನ್ನಾದ ಸಮಾಜವಾದಿ ಕಾರ್ಮಿಕರು ‘ನಿಸರ್ಗ ಮಿತ್ರರು’ ಎಂಬ ಸಂಘವನ್ನೇ ಕಟ್ಟಿಕೊಂಡು ಬೆಟ್ಟ ಹತ್ತಲು ಹೊರಟರು. ಗುಡ್ಡ ಹತ್ತುವುದೂ ಶಿಬಿರದ ಪಾಠವೇ.

ಹಂತ 1: ಜಾಗ

ನನ್ನ ಆಯ್ಕೆ ಗದಗ ಜಿಲ್ಲೆಯ ಕಪ್ಪತಗುಡ್ಡದ ಬುಡ. 2019ರಿಂದ ಗುಡ್ಡ ವನ್ಯಜೀವಿ ಧಾಮ. ಅನುಮತಿ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ. ನಡಿಗೆಗೆ ಅರಣ್ಯ ಇಲಾಖೆಯಿಂದ ಮೊದಲೇ ಒಪ್ಪಿಗೆ ಪಡೆಯಿರಿ. ತಂಗಲು ಗುಡ್ಡದ ಹೊರಗೆ, ಗುರುತಿನವರ ಹೊಲ ಸಾಕು. ಹತ್ತಿರದಲ್ಲಿ ಒಂದು ಪಕ್ಕಾ ಕಟ್ಟಡ ಇರಲೇಬೇಕು, ಶಾಲೆಯೋ ಸಮುದಾಯ ಭವನವೋ. ಏಪ್ರಿಲ್, ಮೇ ಸಂಜೆ ಗುಡುಗು ಮಳೆ ಬಂದರೆ ಮರದ ಕೆಳಗೆ ನಿಲ್ಲಬಾರದು.

ಈ ನೆಲಕ್ಕೆ ತನ್ನದೇ ಕಥೆಯೂ ಇದೆ. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಭಾಗದಲ್ಲಿ ಕೊರಿಯಾದ ಪೋಸ್ಕೊ ಕಂಪನಿಯ ಉಕ್ಕಿನ ಕಾರ್ಖಾನೆಗೆ ಜಮೀನು ಕೊಡುವುದಿಲ್ಲ ಎಂದು ರೈತರು ಎದ್ದು ನಿಂತರು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಜೊತೆ ನಿಂತರು. 2011ರಲ್ಲಿ ಯೋಜನೆ ಕೈಬಿಡಬೇಕಾಯಿತು. ಇದನ್ನು ಹೊಲದ ಬದುವಿನ ಮೇಲೆ ನಿಂತು ಹೇಳಿ. ಕೋಣೆಯಲ್ಲಿ ಕೂತು ಹೇಳಬೇಡಿ.

ಹಂತ 2: ಸಾಮಾನು

ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಒಂದೇ ಪದರದ ಟೆಂಟ್ ಕೊಳ್ಳಬೇಡಿ. ಒಳಗೆ ಸೆಕೆ, ಮಳೆ ಬಂದರೆ ಸೋರುತ್ತದೆ, ಇಲ್ಲಿನ ಗಾಳಿಗೆ ಕಡ್ಡಿಯೂ ಮುರಿಯುತ್ತದೆ. ಎರಡು ದಪ್ಪ ತಾಡಪಾಲು, ನೆಲಕ್ಕೆ ಜಮಖಾನೆ, ಸಾಕು. ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ, ಚೇಳು ಇರುತ್ತವೆ. ಕುಡಿಯುವ ನೀರು ತಲೆಗೆ ದಿನಕ್ಕೆ 5 ಲೀಟರ್ ಲೆಕ್ಕ ಹಿಡಿಯಿರಿ. ಬೆಂಕಿ ಹಾಕಲೇಬೇಡಿ. ಒಣಹುಲ್ಲಿಗೆ ಒಂದು ಕಿಡಿ ಬಿದ್ದರೆ ಗುಡ್ಡವೇ ಹೊತ್ತುತ್ತದೆ. ಅಡುಗೆಗೆ ಗ್ಯಾಸ್ ಒಲೆ ಒಯ್ಯಿರಿ. ಬ್ಲೂಟೂತ್ ಸ್ಪೀಕರ್ ಬೇಡ. ಹಾಡಲು ಒಂದು ದಪ್ಪು, ಒಂದು ತುಂತುಣಿ ಇದ್ದರೆ ಚೆಂದ.

ಹಂತ 3: ವೇಳೆ

ಬೆಳಿಗ್ಗೆ ಐದೂವರೆಗೆ ಗುಡ್ಡ, ಒಂಬತ್ತರೊಳಗೆ ವಾಪಸ್. ಹತ್ತರಿಂದ ಹನ್ನೆರಡು ಬೇವಿನ ನೆರಳಲ್ಲಿ ಓದು. ಆಮೇಲೆ ಊಟ, ನಿದ್ದೆ. ಐದಕ್ಕೆ ಕಬಡ್ಡಿ, ಲಗೋರಿ. ಏಳಕ್ಕೆ ಮತ್ತೆ ಓದು.

ಹಂತ 4: ಓದಿನ ಗುಂಪು

ಜಾಸ್ತಿ ಶ್ರಮ ಬೇಕಾದದ್ದು ಇಲ್ಲಿ. ಒಂದು ಗುಂಪಿಗೆ ಎಂಟು ಜನ, ಜಾಸ್ತಿ ಬೇಡ. ಎಂಬತ್ತು ಪುಟದ ಪಿಡಿಎಫ್ ವಾಟ್ಸಾಪ್‌ಗೆ ಹಾಕಿ ‘ಓದಿಕೊಂಡು ಬನ್ನಿ’ ಎಂದರೆ ಯಾರೂ ಓದಿರುವುದಿಲ್ಲ. ಎರಡೇ ಪುಟ ಅಚ್ಚು ಹಾಕಿಸಿ. ಒಬ್ಬೊಬ್ಬರು ಒಂದೊಂದು ಪ್ಯಾರಾ ಗಟ್ಟಿಯಾಗಿ ಓದಲಿ. ಓದು ಬಾರದವರು ಕೇಳಿದ್ದನ್ನು ತಮ್ಮ ಮಾತಲ್ಲಿ ಹೇಳಲಿ. ಅನೇಕ ಸಲ ಅವರೇ ಚೆನ್ನಾಗಿ ಹೇಳುತ್ತಾರೆ.

ಆದರೆ ಪುಟ ತೆಗೆಯುವ ಮೊದಲು ಒಂದು ಲೆಕ್ಕ ಮಾಡಿ. ಮಾಲೀಕರ ಬಳಿ ಕೂಲಿಗೆ ಖಡಕ್ ರೊಟ್ಟಿ ಬಡಿಯುವ ಹೆಣ್ಣುಮಗಳ ದಿನ ತೆಗೆದುಕೊಳ್ಳಿ. ಉದಾಹರಣೆಗೆ, 8 ತಾಸಿಗೆ 200 ರೊಟ್ಟಿ, ಒಂದಕ್ಕೆ 10 ರೂಪಾಯಿ, ಒಟ್ಟು 2,000. ಹಿಟ್ಟು, ಉರುವಲು, ಒಲೆ-ಹಂಚಿನ ಸವಕಳಿ 700. ಉಳಿದ 1,300 ರೂಪಾಯಿ ಆಕೆಯ ದುಡಿಮೆ ಸೇರಿಸಿದ್ದು. ಆಕೆಗೆ ಸಿಗುವ ಕೂಲಿ 500. ಅಂದರೆ ಸುಮಾರು ಮೂರು ತಾಸಿನಲ್ಲೇ ಆಕೆ ತನ್ನ ಕೂಲಿ ಗಳಿಸಿ ಆಯಿತು. ಮಿಕ್ಕ ಐದು ತಾಸು ಯಾರಿಗಾಗಿ?

ಇಷ್ಟು ಕೇಳಿ ಸುಮ್ನೆ ಕೂತುಕೊಳ್ಳಿ. ಉತ್ತರ ನೀವು ಹೇಳಬೇಡಿ. ‘ಮಾಲೀಕರಿಗೆ ಬಾಡಿಗೆ ಇರ್ತದೆ, ಸಾಲದ ಬಡ್ಡಿ ಇರ್ತದೆ’ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಅವರ ಬಾಯಿ ಮುಚ್ಚಿಸಬೇಡಿ, ಅದನ್ನೂ ಹಲಗೆಯ ಮೇಲೆ ಬರೆಯಿರಿ. ಬಾಡಿಗೆ, ಬಡ್ಡಿ, ಲಾಭ ಮೂರೂ ಅದೇ ಐದು ತಾಸಿನಿಂದ ಬರುತ್ತವೆ ಎಂದು ಗುಂಪೇ ಕಂಡುಕೊಳ್ಳುವವರೆಗೆ ಕಾಯಿರಿ. ಆಮೇಲೆ ಪ್ರತಿಯೊಬ್ಬರೂ ತಮ್ಮ ಕೆಲಸದ ಲೆಕ್ಕ ಹಾಕಲಿ. ಗ್ಯಾರೇಜಿನ ಹುಡುಗ, ಡೆಲಿವರಿ ಹುಡುಗ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರು, ಯಾರನ್ನೂ ಬಿಡಬೇಡಿ. ‘ಹೆಚ್ಚುವರಿ ಮೌಲ್ಯ’, ಅಂದರೆ ದುಡಿದವರು ತಮ್ಮ ಕೂಲಿಗಿಂತ ಹೆಚ್ಚಾಗಿ ಸೇರಿಸಿದ ಬೆಲೆ, ಎಂಬ ಪದ ಬರಬೇಕಾದದ್ದು ಆಗಲೇ. ಮೊದಲೇ ಹೇಳಿದರೆ ಎಲ್ಲರೂ ಅದನ್ನು ನೋಟ್‌ಬುಕ್‌ಗೆ ಇಳಿಸಿಕೊಂಡು ಮುಂದೆ ಹೋಗುತ್ತಾರೆ.

ಒಂದು ನಿಯಮ ಕಟ್ಟುನಿಟ್ಟಾಗಿ ಇಡಿ. ಒಮ್ಮೆ ಮಾತಾಡಿದವರು, ಎಲ್ಲರ ಸರದಿ ಮುಗಿಯುವ ತನಕ ಮತ್ತೆ ಮಾತಾಡಬಾರದು. ಹಿರಿಯ ಕಾರ್ಯಕರ್ತರಿಗೂ ಇದು ಅನ್ವಯ. ಅವರಿಗೇ ಮೊದಲು.

ಹಂತ 5: ರಾತ್ರಿಯ ಓದು

ಇಲ್ಲಿ ನಮ್ಮ ಸುತ್ತಿನ ಚರಿತ್ರೆ ಬರಲಿ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಕಟ್ಟಿದ್ದು ಯಾಕೆ, ಅದರಿಂದ ಏನಾಯಿತು, ಏನಾಗಲಿಲ್ಲ? 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರು ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಎದ್ದಾಗ ಗೋಲಿಬಾರ್ ಆಯಿತು. ಆ ದಿನ ಕಂಡ ಹಿರಿಯರು ಇನ್ನೂ ಇದ್ದಾರೆ. ಒಬ್ಬರನ್ನು ಕರೆತನ್ನಿ. ಭಾಷಣ ಮಾಡಿ ಎನ್ನಬೇಡಿ. ‘ಅಜ್ಜಾ, ಆ ದಿನ ಮುಂಜಾನೆ ನೀವೆಲ್ಲಿದ್ರಿ?’ ಎಂದು ಕೇಳಿ.

ಹಂತ 6: ಅಡುಗೆ, ಪಾತ್ರೆ

ರೊಟ್ಟಿ ಮನೆಯಿಂದ ಬುತ್ತಿ ಕಟ್ಟಿ ತನ್ನಿ. ಝುಣಕ, ಮಜ್ಜಿಗೆ, ಗಿರ್ಮಿಟ್ ಅಲ್ಲೇ ಮಾಡಿ. ಪಾಳಿ ಚೀಟಿ ಎತ್ತಿ ಹಂಚಿ. ಹೆಣ್ಣುಮಕ್ಕಳು ಒಲೆ ಮುಂದೆ, ಗಂಡುಮಕ್ಕಳು ಚರ್ಚೆಯಲ್ಲಿ ಇದ್ದರೆ ಆ ಶಿಬಿರದಲ್ಲಿ ಸಮಾನತೆಯ ಪಾಠ ಮಾಡುವ ಹಕ್ಕು ಯಾರಿಗೂ ಇಲ್ಲ.

ಹಂತ 7: ಭಾನುವಾರ ಮಧ್ಯಾಹ್ನ

ಕಸ ಚೀಲಕ್ಕೆ ತುಂಬಿ ವಾಪಸ್ ಒಯ್ಯಿರಿ. ಖರ್ಚಿನ ಲೆಕ್ಕ ಎಲ್ಲರೆದುರು ಓದಿ. ಮುಂದಿನ ಓದು ಯಾವ ದಿನ, ಯಾರ ಮನೆಯಲ್ಲಿ ಎಂಬುದನ್ನು ಟೆಂಪೋ ಹತ್ತುವ ಮೊದಲೇ ಬರೆದಿಡಿ. ಎರಡು ವಾರಕ್ಕಿಂತ ತಡ ಬೇಡ, ಗುಂಪಿನ ಎಂಟೂ ಜನ ಬದಲಾಗುವುದೂ ಬೇಡ.